ತೆಳು ಹಲಗೆಯ ಪೆಟ್ಟಿಗೆಗೆ ಹಿಂಜ್ ಕೂರಿಸುವುದು: ನನ್ನ ಅನುಭವ

ನಾನು ಮಾಡುವುದು ಚಿಕ್ಕ ಪೆಟ್ಟಿಗೆಗಳು. ಓಲೆ, ಬಳೆ, ಹೊಲಿಗೆ ಸಾಮಾನು, ಪೆನ್ನು, ಇಂಥವನ್ನು ಇಡೋಕೆ. ಸುಮಾರು 8 ಇಂಚು ಉದ್ದ, 5 ಇಂಚು ಅಗಲ. ಹಲಗೆಯ ದಪ್ಪ 6 ಮಿ.ಮೀ., ಅಂದರೆ ಕಾಲಿಂಚು. ತೇಗ ಸಿಕ್ಕರೆ ತೇಗ, ಇಲ್ಲದಿದ್ದರೆ ಸಿಲ್ವರ್ ಓಕ್. ಇಷ್ಟು ಚಿಕ್ಕ ಪೆಟ್ಟಿಗೆಗೆ ಅರ್ಧ ಇಂಚಿನ ಹಲಗೆ ಹಾಕಿದರೆ ಒಳಗೆ ಜಾಗವೂ ಇರಲ್ಲ, ನೋಡೋಕೂ ಮೊದ್ದು ಮೊದ್ದಾಗಿ ಕಾಣುತ್ತದೆ. ಆದರೆ ಈ ಕಾಲಿಂಚಿನ ಹಲಗೆಗೆ ಹಿಂಜ್, ಅಂದರೆ ಮುಚ್ಚಳ ತೆರೆದು ಮುಚ್ಚೋಕೆ ಬೇಕಾದ ಕೀಲು ಹಾಕುವುದು, ಪೆಟ್ಟಿಗೆ ಕಟ್ಟುವುದಕ್ಕಿಂತ ಜಾಸ್ತಿ ತಲೆ ತಿನ್ನುವ ಕೆಲಸ.

ಕಷ್ಟ ಎಲ್ಲಿ ಅಂತ ಮೊದಲು ಹೇಳುತ್ತೇನೆ. ನಾನು ತರುವ ಒಂದಿಂಚಿನ ಹಿತ್ತಾಳೆ ಹಿಂಜ್‌ನಲ್ಲಿ ಒಂದೊಂದು ರೆಕ್ಕೆ, ಅಂದರೆ ಸ್ಕ್ರೂ ಹಾಕುವ ಚಪ್ಪಟೆ ಭಾಗ, ಸುಮಾರು 8 ಮಿ.ಮೀ. ಅಗಲ ಇರುತ್ತದೆ. ಹಲಗೆ 6 ಮಿ.ಮೀ. ಅಂದಮೇಲೆ ಅದರ ಅಂಚಿನ ಮೇಲೆ ರೆಕ್ಕೆ ಕೂರುವುದೇ ಇಲ್ಲ, ಒಳಗಡೆಗೆ ಚಾಚಿಕೊಳ್ಳುತ್ತದೆ. ಸರಿ, ಹಿಂದಿನ ಹಲಗೆಯ ಹೊರಮೈ ಮೇಲೆ ಹಾಕೋಣ ಅಂದರೆ ಸ್ಕ್ರೂ ಉದ್ದ. ಜೊತೆಗೆ ಕೊಡುವ ಸ್ಕ್ರೂ ಅರ್ಧ ಇಂಚಿನದಾದರೆ ಅದು 12 ಮಿ.ಮೀ. ಮೇಲೆಯೇ ಇರುತ್ತದೆ. ರೆಕ್ಕೆಯ ದಪ್ಪ 1 ಮಿ.ಮೀ. ಕಳೆದರೂ ತುದಿ 5 ಮಿ.ಮೀ. ಒಳಗೆ ಇಣುಕುತ್ತದೆ. ಓಲೆ ತೆಗೆಯೋಕೆ ಕೈ ಹಾಕಿದವರಿಗೆ ಗೀರುತ್ತದೆ, ಅಷ್ಟೇ.

ಅಂಗಡಿಯಲ್ಲೇ ಮಾಡಬೇಕಾದ ಒಂದು ಕೆಲಸ ಇದೆ. ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡು ಹೋಗಿ. ಹಿತ್ತಾಳೆ ಅಂತ ಕೊಡುವ ಚಿಕ್ಕ ಹಿಂಜ್‌ಗಳಲ್ಲಿ ಎಷ್ಟೋ ಬರೀ ಕಬ್ಬಿಣಕ್ಕೆ ಹಿತ್ತಾಳೆ ಬಣ್ಣದ ಲೇಪ ಹೊಡೆದವು. ಆಯಸ್ಕಾಂತ ಅಂಟಿದರೆ ಕಬ್ಬಿಣ. ಬೆಂಗಳೂರಲ್ಲಿ ಅವು ಹೇಗೋ ಬಾಳುತ್ತವೆ, ಮಲೆನಾಡಿನ ಅಥವಾ ಕರಾವಳಿಯ ಮಳೆಗಾಲದಲ್ಲಿ ಲೇಪ ಸವೆದಲ್ಲೆಲ್ಲ ತುಕ್ಕು ಬರುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ನಾಲ್ಕು ಕಡೆ ಕೇಳಿದರೆ ಗಟ್ಟಿ ಹಿತ್ತಾಳೆಯದ್ದು ಸಿಗುತ್ತದೆ. ಅದೂ ಪೆಟ್ಟಿಗೆಗೆ ಹಲಗೆ ಕೊಯ್ಯುವ ಮೊದಲೇ ತರಬೇಕು. ಹಿಂಜ್ ಕೈಯಲ್ಲಿ ಇಲ್ಲದೆ ನಾನು ಅಳತೆ ಹಾಕುವುದೇ ಇಲ್ಲ.

ನಾನು ಜಾಸ್ತಿ ಮಾಡುವ ಕ್ರಮ ಇದು. ಹಿಂದಿನ ಹಲಗೆಯ ಒಳಮೈಗೆ, ಮೇಲಂಚಿಗೆ ಸಮನಾಗಿ, 10 ಮಿ.ಮೀ. ಚೌಕದ ಒಂದು ಪಟ್ಟಿಯನ್ನು ಫೆವಿಕಾಲ್ ಹಾಕಿ ಉದ್ದಕ್ಕೂ ಅಂಟಿಸುತ್ತೇನೆ. ಮುಚ್ಚಳದ ಹಿಂದಿನ ಹಲಗೆಯ ಒಳಮೈಗೂ, ಕೆಳಂಚಿಗೆ ಸಮನಾಗಿ, ಅಂಥದ್ದೇ ಒಂದು ಪಟ್ಟಿ. ಈಗ ಅಂಚು 16 ಮಿ.ಮೀ. ಆಯಿತು, ರೆಕ್ಕೆ ಆರಾಮಾಗಿ ಕೂರುತ್ತದೆ, ಸ್ಕ್ರೂಗೂ ಕಚ್ಚಿಕೊಳ್ಳೋಕೆ ಮರ ಸಿಗುತ್ತದೆ. ಪಟ್ಟಿಯ ಎಳೆ, ಅಂದರೆ ಮರದ ನಾರಿನ ಗೆರೆ, ಹಲಗೆಯ ಎಳೆಯ ದಿಕ್ಕಿನಲ್ಲೇ ಇರಲಿ. ಅಡ್ಡಡ್ಡ ಇಟ್ಟರೆ ಮಳೆಗಾಲದಲ್ಲಿ ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗಲ್ಲ, ಅಂಟು ಬಿಡುತ್ತದೆ. ಪೆಟ್ಟಿಗೆಯೊಳಗೆ ಪಟ್ಟಿ ಕಾಣುತ್ತದಲ್ಲ ಅನ್ನುವವರಿಗೆ, ಎದುರಿನ ಹಲಗೆಗೂ ಸ್ವಲ್ಪ ಕೆಳಗೆ ಒಂದು ಅಂಟಿಸಿ, ಹಿಂದಿನ ಪಟ್ಟಿಯನ್ನೂ ಅದಕ್ಕಿಂತ ಕೆಳಗೆ ಇಳಿಯುವಷ್ಟು ಎತ್ತರ ಮಾಡಿ, ಅದೇ ಮಟ್ಟದಲ್ಲಿ ಅದಕ್ಕೊಂದು ಮೆಟ್ಟಿಲು ಕೊಯ್ದು, ಈ ಎರಡರ ಮೇಲೊಂದು ಸಣ್ಣ ತಟ್ಟೆ ಕೂರಿಸಿ. ಬೇಕಂತಲೇ ಮಾಡಿದ ಹಾಗೆ ಕಾಣುತ್ತದೆ.

ರೆಕ್ಕೆ ಕೂರೋಕೆ ಮರದಲ್ಲಿ ತೆಗೆಯುವ ತಗ್ಗು, ಅಂದರೆ ಕಚ್ಚು, ಎಷ್ಟು ಆಳ ಇರಬೇಕು ಅನ್ನುವುದರಲ್ಲಿ ಅರ್ಧ ಕೆಲಸ ಇದೆ. ಹಿಂಜ್ ಅನ್ನು ಎರಡೂ ರೆಕ್ಕೆ ಒಂದಕ್ಕೊಂದು ಸಮಾನಾಂತರ ಆಗುವ ಹಾಗೆ ಮಡಚಿ ಹಿಡಿದು, ನಡುವಿನ ಸುರುಳಿಯ ದಪ್ಪ ಅಳೆಯಿರಿ. 3 ಮಿ.ಮೀ. ಇದ್ದರೆ ಪೆಟ್ಟಿಗೆಯಲ್ಲಿ ಒಂದೂವರೆ, ಮುಚ್ಚಳದಲ್ಲಿ ಒಂದೂವರೆ. ಅದಕ್ಕಿಂತ ಒಂದು ಕೂದಲಷ್ಟು ಕಡಿಮೆ ತೆಗೆದರೆ ಇನ್ನೂ ಒಳ್ಳೆಯದು. ಕಚ್ಚು ಜಾಸ್ತಿ ಆಳ ಆದರೆ ಹಿಂದೆ ಮರಕ್ಕೆ ಮರ ಮೊದಲೇ ತಾಗುತ್ತದೆ, ಮುಂದೆ ಮುಚ್ಚಳ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಅದನ್ನು ಒತ್ತಿ ಮುಚ್ಚಿದಷ್ಟೂ ಸಲ ಸ್ಕ್ರೂ ಮೇಲೆದ್ದು ಬರುತ್ತದೆ. ಹಾಗಾದಾಗ ಸ್ಕ್ರೂ ಬಿಗಿ ಮಾಡಿ ಪ್ರಯೋಜನ ಇಲ್ಲ. ರೆಕ್ಕೆಯ ಕೆಳಗೆ ಆಮಂತ್ರಣ ಪತ್ರಿಕೆಯ ದಪ್ಪ ಕಾಗದದ ಒಂದು ತುಂಡು ಇಟ್ಟರೆ ಸರಿಹೋಗುತ್ತದೆ. ಮದುವೆ ಕಾಗದಗಳನ್ನು ನಾನು ಎಸೆಯದೇ ಇರೋದು ಇದಕ್ಕೇ.

ಗೆರೆ ಹಾಕೋಕೆ ಪೆನ್ಸಿಲ್ ಬೇಡ, ಚೂಪಾದ ಚಾಕು ತಗೊಳ್ಳಿ. ಹಿಂಜ್ ಅನ್ನು ಎರಡು ಬದಿ ಅಂಟುವ ಟೇಪಿನಿಂದ ಜಾಗದಲ್ಲಿ ಕೂರಿಸಿ, ಸುತ್ತ ಚಾಕುವಿನಲ್ಲೇ ಗೀರಿ. ಆ ಗೀರಿಗೆ ಉಳಿಯ ಬಾಯಿ ತಾನಾಗಿಯೇ ಬಂದು ನಿಲ್ಲುತ್ತದೆ. ಇಂಥ ಕಡೆ ಸುತ್ತಿಗೆ, ಕೊಡತಿ ಯಾವುದೂ ಬೇಡ, ಕೈಯಲ್ಲೇ ಒತ್ತಿ ತೆಳ್ಳಗೆ ಸೀಳುಸೀಳಾಗಿ ತೆಗೆಯುತ್ತಾ ಹೋದರೆ ಸಾಕು. ಮೂಲೆಯಿಂದ ಕನಿಷ್ಠ ಒಂದು ಹಿಂಜ್‌ನ ಉದ್ದದಷ್ಟು ಒಳಗೆ ಇರಲಿ, ಮೂಲೆಯ ಜೋಡಣೆಗೆ ಪೆಟ್ಟಾಗಬಾರದು. ಎರಡು ಹಿಂಜ್‌ಗಳ ಸುರುಳಿಯೂ ಒಂದೇ ನೇರಕ್ಕೆ ಇರಬೇಕು, ಒಂದು ಉಕ್ಕಿನ ಸ್ಕೇಲ್ ಅನ್ನು ಎರಡಕ್ಕೂ ಒತ್ತಿ ಹಿಡಿದು ನೋಡಿ. ಇಲ್ಲಿ ಅರ್ಧ ಮಿ.ಮೀ. ವಾರೆಯಾದರೂ ಮುಚ್ಚಳ ಕಿರುಗುಟ್ಟುತ್ತದೆ.

ಸ್ಕ್ರೂ ವಿಷಯ. ಮೊದಲು ದಬ್ಬಳದಿಂದ ನಡುವೆ ಚುಚ್ಚಿ, ಆಮೇಲೆ ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್‌ನಿಂದ ತೂತು. 2 ನಂಬರ್ ಸ್ಕ್ರೂಗೆ ತೇಗದಲ್ಲಿ ನಾನು 1.5 ಮಿ.ಮೀ. ಬಿಟ್ ಹಾಕುತ್ತೇನೆ, ಮೆತ್ತಗಿನ ಮರದಲ್ಲಿ 1.2. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ತೆಳು ಹಲಗೆಯಲ್ಲಿ ಆ ಕಡೆ ಬಂದುಬಿಡುತ್ತದೆ. ಹಿತ್ತಾಳೆ ಸ್ಕ್ರೂ ಮೆದು, ಗಟ್ಟಿ ಮರಕ್ಕೆ ನೇರ ಬಿಗಿದರೆ ಕತ್ತು ಮುರಿದು ಅರ್ಧ ಒಳಗೇ ಉಳಿಯುತ್ತದೆ. ಅದಕ್ಕೆ ಅದೇ ಅಳತೆಯ ಒಂದು ಕಬ್ಬಿಣದ ಸ್ಕ್ರೂವನ್ನು ಮೊದಲು ಹಾಕಿ ತೆಗೆದು, ಆ ದಾರಿಗೆ ಮೇಣದಬತ್ತಿ ಸವರಿದ ಹಿತ್ತಾಳೆಯದ್ದನ್ನು ಹಾಕುತ್ತೇನೆ. ಸ್ಕ್ರೂವನ್ನು ಕತ್ತರಿಸಿ ಗಿಡ್ಡ ಮಾಡಬೇಕಾದಾಗಲೂ ಇದೇ ಉಪಾಯ: ತುದಿ ಇಲ್ಲದ ಸ್ಕ್ರೂ ತಾನಾಗಿ ಮರಕ್ಕೆ ಹತ್ತಲ್ಲ, ಪೂರ್ತಿ ಉದ್ದದ್ದು ಮೊದಲು ದಾರಿ ಮಾಡಿಕೊಟ್ಟರೆ ಹತ್ತುತ್ತದೆ. ರೆಕ್ಕೆಗೆ ಒಂದೊಂದೇ ಸ್ಕ್ರೂ ಹಾಕಿ, ಮುಚ್ಚಿ ತೆರೆದು ನೋಡಿ, ಸರಿ ಅನ್ನಿಸಿದ ಮೇಲೆ ಉಳಿದವು.

ಇಷ್ಟೆಲ್ಲ ಮಾಡಿದ ಮೇಲೂ ಹಿಂಜ್ ಕಿತ್ತು ಬರುತ್ತದಲ್ಲ, ಅದರ ಕಾರಣ ಸ್ಕ್ರೂ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಮುಚ್ಚಳ ಹಿಂದಕ್ಕೆ ಬೀಳುವುದು ಕಾರಣ. ಲೆಕ್ಕ ಹಾಕಿ ನೋಡಿ. ಮುಚ್ಚಳದ ಅಗಲ 120 ಮಿ.ಮೀ., ಸುರುಳಿಯೊಳಗಿನ ಕಡ್ಡಿಯಿಂದ ರೆಕ್ಕೆಯ ಅಂಚಿಗೆ 8 ಮಿ.ಮೀ. ತೆರೆದ ಮುಚ್ಚಳ ಎಲ್ಲೋ ಹಿಂದೆ ತಡೆದು ನಿಂತಾಗ ಅದರ ತುದಿಯನ್ನು ಯಾರಾದರೂ ಒತ್ತಿದರೆ, ಹಿಂಜ್ ಹತ್ತಿರ ಆ ಬಲ ಹದಿನೈದು ಪಟ್ಟು ಆಗುತ್ತದೆ. ಮುಚ್ಚಳವೇ ಹಾರೆಯಾಗಿ ಸ್ಕ್ರೂಗಳನ್ನು ಎಬ್ಬಿಸುತ್ತದೆ. ಮುಚ್ಚಳದ ತೂಕವನ್ನು ಹೊರೋಕೆ ನಾಲ್ಕು ಸಣ್ಣ ಸ್ಕ್ರೂ ಧಾರಾಳ ಸಾಕು, ಈ ಎತ್ತುವಿಕೆಗೆ ಎಂಟು ದಪ್ಪ ಸ್ಕ್ರೂ ಇದ್ದರೂ ಕಾಲಿಂಚಿನ ಮರ ತಡೆಯಲ್ಲ. ಹಿಂದಿನ ಅಂಚುಗಳನ್ನು 45 ಡಿಗ್ರಿ ಓರೆ ಮಾಡಿ ಮುಚ್ಚಳ ಅಲ್ಲೇ ನಿಲ್ಲುವ ಹಾಗೆ ಮಾಡುವವರಿದ್ದಾರೆ. ಚೆನ್ನಾಗಿ ಕಾಣುತ್ತದೆ ನಿಜ, ಆದರೆ ತಡೆ ಕಡ್ಡಿಯ ಪಕ್ಕದಲ್ಲೇ ಇರುವುದರಿಂದ ಸ್ಕ್ರೂ ಮೇಲಿನ ಭಾರ ಹಾಗೇ ಉಳಿಯಿತು ಅಲ್ವಾ?

ಹಾಗಾಗಿ ನಾನು ಪ್ರತಿ ಪೆಟ್ಟಿಗೆಗೂ ದಾರ ಹಾಕುತ್ತೇನೆ. ಚಪ್ಪಲಿ ಹೊಲಿಯುವ ಮೇಣದ ದಾರ. ಪೆಟ್ಟಿಗೆಯ ಪಕ್ಕದ ಹಲಗೆಗೂ ಮುಚ್ಚಳಕ್ಕೂ ಒಳಗಡೆ ಒಂದೊಂದು ಸಣ್ಣ ಮರದ ಗುಬಟು ಅಂಟಿಸಿ, ಅದರಲ್ಲಿ 2 ಮಿ.ಮೀ. ತೂತು ಕೊರೆದು ದಾರ ಪೋಣಿಸಿ ಗಂಟು ಹಾಕುವುದು. ಮುಚ್ಚಳದ ಗುಬಟು ಕಡ್ಡಿಯಿಂದ ದೂರ, ಮಧ್ಯಕ್ಕಿಂತ ಮುಂದೆ ಇದ್ದಷ್ಟೂ ಹಿಂಜ್‌ಗೆ ನಿರಾಳ. ಮುಚ್ಚಳ ನೆಟ್ಟಗೆ ನಿಂತು ಸ್ವಲ್ಪ ಹಿಂದಕ್ಕೆ ವಾಲುವಷ್ಟು ದಾರ ಬಿಡಿ, ಇಲ್ಲದಿದ್ದರೆ ತಾನಾಗಿ ಬೆರಳ ಮೇಲೆ ಬೀಳುತ್ತದೆ. ಸರಪಳಿ ಹಾಕಬಹುದು, ನೋಡಲು ಠೀವಿ, ಆದರೆ ಅದರ ಪುಟ್ಟ ಸ್ಕ್ರೂಗೂ ಮತ್ತೆ ಮರ ಬೇಕು.

ಹಲಗೆ 4 ಮಿ.ಮೀ. ಇದ್ದರೆ ನಾನು ಸ್ಕ್ರೂ ಸಹವಾಸಕ್ಕೇ ಹೋಗಲ್ಲ. ಹಿಂಜ್ ಹೊರಮೈಗೆ ಇಟ್ಟು, ಹಿತ್ತಾಳೆ ತಂತಿಯನ್ನು ಈ ಬದಿಯಿಂದ ಆ ಬದಿಗೆ ಹಾಯಿಸಿ, ಒಳಗೆ ಒಂದು ಸಣ್ಣ ತಾಮ್ರದ ವಾಷರ್ ಕೂರಿಸಿ, ತಂತಿಯ ತುದಿ ಒಂದೂವರೆ ಮಿ.ಮೀ. ಬಿಟ್ಟು ಕತ್ತರಿಸಿ, ಕೆಳಗೆ ಕಬ್ಬಿಣದ ತುಂಡು ಕೊಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ರಿವಿಟ್ ಮಾಡುತ್ತೇನೆ. ವಾಷರ್ ಬಿಡಬೇಡಿ, ಬರೀ ತಲೆ ಮರದೊಳಗೆ ಹೂತುಹೋಗುತ್ತದೆ. ಅರಾಲ್ಡೈಟ್ ಹಾಕಿ ಅಂಟಿಸಿದರೆ ಸಾಲದಾ ಅಂತ ಕೇಳುತ್ತಾರೆ. ಜೊತೆಗೆ ಹಾಕಿ, ಅದೊಂದನ್ನೇ ನಂಬಬೇಡಿ. ಹಾಕುವ ಮೊದಲು ರೆಕ್ಕೆಯ ಕೆಳಮೈ ಮರಳು ಕಾಗದದಲ್ಲಿ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ. ಸುರುಳಿಗೆ ವ್ಯಾಸಲೀನ್ ಸವರಿ, ಅಂಟು ಅಲ್ಲಿಗೆ ಹರಿದರೆ ಹಿಂಜ್ ಬಾಗಿಲು ಹಾಕಿಕೊಂಡು ಕೂರುತ್ತದೆ.

ಅಂಗಡಿ ಹಿಂಜ್ ಬೇಡವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ನನಗೆ ತುಂಬಾ ಇಷ್ಟದ್ದು. ಮುಚ್ಚಳವನ್ನು ಎರಡು ಪಕ್ಕದ ಹಲಗೆಗಳ ನಡುವೆ ಕೂರುವ ಹಾಗೆ ಮಾಡಿ, ಹಿಂದಿನ, ಮುಂದಿನ ಹಲಗೆಗಳನ್ನು ಮುಚ್ಚಳದ ದಪ್ಪದಷ್ಟು ಗಿಡ್ಡ ಇಡುವುದು. ಪಕ್ಕದ ಹಲಗೆಯ ಹೊರಗಿನಿಂದ 2 ಮಿ.ಮೀ. ಹಿತ್ತಾಳೆ ಕಡ್ಡಿ ಮುಚ್ಚಳದೊಳಗೆ ಹೋಗುತ್ತದೆ. ಮುಚ್ಚಳ 8 ಮಿ.ಮೀ. ದಪ್ಪ ಇದ್ದರೆ ತೂತು ಅದರ ಹಿಂದಿನ ಅಂಚಿನಿಂದ 4, ಮೇಲಿನಿಂದ 4. ಆ ಹಿಂದಿನ ಅಂಚನ್ನು ದುಂಡಗೆ ಉಜ್ಜಬೇಕು. ಎಷ್ಟು ಉಜ್ಜುತ್ತೀರೋ ಅಷ್ಟು ತೆರೆಯುತ್ತದೆ, ಸ್ವಲ್ಪ ಕಡಿಮೆ ಉಜ್ಜಿದರೆ ನಡುವೆಯೇ ತಡೆದು ನಿಲ್ಲುತ್ತದೆ. ಇದರಲ್ಲಿ ಸ್ಕ್ರೂ ಕೀಳುವ ಮಾತೇ ಇಲ್ಲ, ಕಡ್ಡಿ ಅಡ್ಡಕ್ಕೆ ಭಾರ ಹೊರುತ್ತದೆ. ತೂತನ್ನು ಪೆಟ್ಟಿಗೆ ಅಂಟಿಸುವ ಮೊದಲೇ ಕೊರೆಯಿರಿ, ಎರಡೂ ಪಕ್ಕದ ಹಲಗೆಗಳನ್ನು ಒಟ್ಟಿಗೆ ಕ್ಲ್ಯಾಂಪ್ ಹಾಕಿ, ಒಂದೇ ಏಟಿಗೆ. ಮುಚ್ಚಳದ ಎಳೆ ಉದ್ದುದ್ದಕ್ಕೆ ಇದ್ದರೆ ಅದು ಹಿಗ್ಗುವುದು ಮುಂದಕ್ಕೆ ಹಿಂದಕ್ಕೆ ಮಾತ್ರ. ಹಾಗಾಗಿ ಪಕ್ಕದಲ್ಲಿ ಅರ್ಧರ್ಧ ಮಿ.ಮೀ. ಸಂದು ಸಾಕು, ಮುಂದೆ ಮಾತ್ರ ಮುಚ್ಚಳ ಹಲಗೆಯಿಂದಾಚೆ ಸ್ವಲ್ಪ ಚಾಚಿರಲಿ. ಅದೇ ಬೆರಳು ಹಾಕಿ ಎತ್ತೋಕೂ ಆಯಿತು.

ಪಾಲಿಶ್ ಹೊಡೆಯುವ ಮೊದಲು ಹಿಂಜ್ ಎಲ್ಲ ಬಿಚ್ಚಿಡಿ, ಸುರುಳಿಯೊಳಗೆ ಪಾಲಿಶ್ ಹೋದರೆ ಒಣಗಿ ಬಿಗಿಯುತ್ತದೆ. ಬಿಚ್ಚುವಾಗ ಯಾವ ಸ್ಕ್ರೂ ಯಾವ ತೂತಿನದ್ದು ಅಂತ ರಟ್ಟಿನ ಮೇಲೆ ಅದೇ ಕ್ರಮದಲ್ಲಿ ಚುಚ್ಚಿಡುತ್ತೇನೆ. ಪಾಲಿಶ್ ಪೂರ್ತಿ ಒಣಗಿದ ಮೇಲೆ ಅದೇ ತೂತಿಗೆ ಅದೇ ಸ್ಕ್ರೂ, ಬೆರಳಲ್ಲಿ ಹಿಂದಕ್ಕೊಂದು ಸಲ ತಿರುಗಿಸಿ ಹಳೆಯ ದಾರಿಗೆ ಹತ್ತಿತಾ ಅಂತ ನೋಡಿಕೊಂಡು, ಆಮೇಲೆ ಬಿಗಿಯಿರಿ.