ಪಿಸಿಓಎಸ್‌ಗೆ ಯಾವ ಚಿಕಿತ್ಸೆ? ಮೊದಲು ನಿಮಗೇನು ಬೇಕು ಅಂತ ನೋಡಿ

ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಶಯದ ಕೆಲಸ ಹದ ತಪ್ಪುವ ತೊಂದರೆ) ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಯಾವ ಮಾತ್ರೆ ಒಳ್ಳೆಯದು ಅಂತ. ಅದಕ್ಕಿಂತ ಮುಂಚೆ ಒಂದು ವಿಷಯ ಯೋಚಿಸಿ, ಸದ್ಯ ನಿಮಗೆ ಮಗು ಬೇಕಾ ಬೇಡವಾ? ಚಿಕಿತ್ಸೆ ಅಲ್ಲಿಂದಲೇ ಬೇರೆಯಾಗುತ್ತದೆ. ಪಕ್ಕದ ಮನೆಯವರ ಚೀಟಿ ಹಿಡಿದುಕೊಂಡು ಮೆಡಿಕಲ್‌ಗೆ ಹೋಗಬೇಡಿ, ದಯವಿಟ್ಟು.

ಬರೀ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಹೆದರಬೇಡಿ. ಪೀರಿಯಡ್ಸ್ ಏರುಪೇರು, ಗಲ್ಲದ ಮೇಲೆ ಕೂದಲು ಬರುವಷ್ಟು ಪುರುಷ ಹಾರ್ಮೋನ್, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆ, ಪಿಸಿಓಎಸ್ ಅನ್ನಬೇಕಾದರೆ ಈ 3ರಲ್ಲಿ 2 ಇರಬೇಕು, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಕೂಡ ನೋಡಿರಬೇಕು. ಹೈಸ್ಕೂಲು ಹುಡುಗಿಯರಲ್ಲಿ ಸ್ಕ್ಯಾನಿಂಗ್ ಲೆಕ್ಕಕ್ಕಿಲ್ಲ, ಮೊದಲ ಎರಡೂ ಇರಬೇಕು.

ಮಗು ಸದ್ಯ ಬೇಡ ಅಂದರೆ ಸಾಮಾನ್ಯವಾಗಿ ಬರೆಯುವುದು ಗರ್ಭನಿರೋಧಕ ಮಾತ್ರೆ. ಪೀರಿಯಡ್ಸ್ ಕ್ರಮಕ್ಕೆ ಬರುತ್ತದೆ, ಮೊಡವೆ ಕಡಿಮೆಯಾಗುತ್ತದೆ, ಕೂದಲಿಗೆ ಮಾತ್ರ 6 ತಿಂಗಳಾದರೂ ಕಾಯಬೇಕು. ಮದುವೆಯಾಗದ ಮಗಳಿಗೆ ಇದನ್ನು ಬರೆದರೆ ಅಮ್ಮಂದಿರಿಗೆ ಗಾಬರಿ, ಆದರೆ ಇದರಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಇಲ್ಲ. ಬಿಪಿ ಇದ್ದರೆ, ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಕಣ್ಣೆದುರು ಮಿಂಚಿನ ಹಾಗೆ ಕಂಡು ಶುರುವಾಗುವ ಮೈಗ್ರೇನ್ ಇದ್ದರೆ ಡಾಕ್ಟರಿಗೆ ಹೇಳಲೇಬೇಕು, ಆಗ ಈ ಮಾತ್ರೆ ಆಗುವುದಿಲ್ಲ. ಬದಲಿಗೆ ಪ್ರೊಜೆಸ್ಟರಾನ್ ಹಾರ್ಮೋನ್ ಮಾತ್ರ ಇರುವ ಮಾತ್ರೆ ಕೊಡಬಹುದು. ಮಾತ್ರೆ ಏನೂ ತಗೊಳ್ಳದೆ 3 ತಿಂಗಳು ಪೀರಿಯಡ್ಸ್ ಆಗದಿದ್ದರೆ ಸುಮ್ನೆ ಬಿಡಬೇಡಿ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ.

ಮೆಟ್‌ಫಾರ್ಮಿನ್ ಅನ್ನುವ ಮಾತ್ರೆ ಕೊಡುವುದು ಶುಗರ್, ಇನ್ಸುಲಿನ್ ಹತೋಟಿಗೆ. ಮೊದಮೊದಲು ಹೊಟ್ಟೆ ಕೆಡುತ್ತದೆ, ಕಡಿಮೆ ಡೋಸಿನಿಂದ ಶುರು ಮಾಡಿ ಊಟದ ಜೊತೆ ತಗೊಂಡರೆ ಸಹಿಸಬಹುದು. ತುಂಬ ಕಾಲ ತಗೊಂಡರೆ ವಿಟಮಿನ್ ಬಿ12 ನೋಡಿಸಿ.

ಮಗು ಬೇಕು ಅಂದರೆ ಈಗ ಮೊದಲ ಆಯ್ಕೆ ಅಂಡ ಬಿಡುಗಡೆಯಾಗಲು ಕೊಡುವ ಲೆಟ್ರೊಝೋಲ್ ಮಾತ್ರೆ. ಪೀರಿಯಡ್ಸ್ ಶುರುವಾದ ಮೇಲೆ 5 ದಿನ ಕೊಟ್ಟು, ಅಂಡ ಬೆಳೆಯುತ್ತಿದೆಯಾ ಅಂತ ಸ್ಕ್ಯಾನಿಂಗ್ ಮಾಡುತ್ತಾರೆ. ಇದು ಆಗದಿದ್ದರೆ ಹಾರ್ಮೋನ್ ಇಂಜೆಕ್ಷನ್ ಅಥವಾ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದ ಆಪರೇಷನ್), ಐವಿಎಫ್ (ಟೆಸ್ಟ್‌ಟ್ಯೂಬ್ ಬೇಬಿ) ಕೊನೆಗೆ.

ಊಟದ ವಿಷಯ ಎಲ್ಲಕ್ಕೂ ಸೇರಿದ್ದು. ತೂಕ ಜಾಸ್ತಿ ಇರುವವರಿಗೆ 5% ಇಳಿದರೂ ಉಪಯೋಗ ಇದೆ, ಅಂದರೆ 80 ಕೆಜಿಗೆ 4 ಕೆಜಿ. ಕುಚ್ಚಲಕ್ಕಿ ಬಿಡಬೇಕಿಲ್ಲ, ಬಟ್ಟಲಲ್ಲಿ ಅನ್ನ ಕಡಿಮೆ ಮಾಡಿ ಬಂಗುಡೆ, ಅಲಸಂಡೆ, ಬಸಳೆ ಜಾಸ್ತಿ ಹಾಕಿಕೊಳ್ಳಿ. ಸಂಜೆಯ ಬನ್ಸು, ಗೋಳಿಬಜೆ ದಿನಾ ಬೇಡ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ, ಅವರಿಗೆ ತೂಕ ಇಳಿಸಿ ಅನ್ನುವುದರಲ್ಲಿ ಅರ್ಥ ಇಲ್ಲ.

ಖಾಸಗಿ ಆಸ್ಪತ್ರೆಯ ಖರ್ಚು ಹೆಚ್ಚಾದರೆ ಮಂಗಳೂರಿನಲ್ಲಿ ಸರ್ಕಾರಿ ಲೇಡಿ ಗೋಶನ್ ಆಸ್ಪತ್ರೆ ಇದೆ. ಎಲ್ಲಿಗೆ ಹೋದರೂ 6 ತಿಂಗಳ ಪೀರಿಯಡ್ಸ್ ತಾರೀಕು ಬರೆದುಕೊಂಡು ಹೋಗಿ, ಈ ಮಾತ್ರೆ ಯಾತಕ್ಕೆ, ಎಷ್ಟು ತಿಂಗಳು, ಆಗದಿದ್ದರೆ ಮುಂದೇನು ಅಂತ ಕೇಳಿಯೇ ಹೊರಗೆ ಬನ್ನಿ.