ಸಾರ್ಡೀನಿಯಾದಲ್ಲಿ ಗಾಳಿ ನೋಡಿ ಕಡಲತೀರ ಆರಿಸಿ

ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಹೋಗುವವರು ಬೆಳಿಗ್ಗೆ ಎದ್ದೊಡನೆ ಗಾಳಿಯ ದಿಕ್ಕು ನೋಡಿ, ಅದಕ್ಕೆ ಬೆನ್ನು ಕೊಟ್ಟಿರುವ ಕಡಲತೀರವನ್ನೇ ಆರಿಸಿ. ವಾಯವ್ಯದ ಮಾಯೆಸ್ತ್ರಾಲೆ ಗಾಳಿ ಬೀಸುವ ದಿನ ಪಶ್ಚಿಮ ಕರಾವಳಿಯಲ್ಲಿ ತೆರೆಗಳ ಅಬ್ಬರ. ಪೂರ್ವದ ಒರೊಸೇಯಿ ಕೊಲ್ಲಿಯಲ್ಲಿ ಮಾತ್ರ ಸುಣ್ಣಕಲ್ಲಿನ ಬೆಟ್ಟಗಳು ಗಾಳಿಯನ್ನು ತಡೆಯುವುದರಿಂದ ಕಾಲಾ ಲೂನಾದಂಥ ಕಡಲತೀರಗಳಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತರೂ ಕಾಲ್ಬೆರಳು ಕಾಣುತ್ತವೆ. ಆ ಬೆಟ್ಟಗಳಿಂದಾಗಿ ಮಧ್ಯಾಹ್ನದ ನಂತರ ನೆರಳು ಬೇಗ ಬೀಳುತ್ತದೆ, ಬೆಳಿಗ್ಗೆಯೇ ಹೋಗಿ. ಆಗ್ನೇಯದ ಶಿರೊಕ್ಕೊ ಬೀಸಿದರೆ ಲೆಕ್ಕ ತಿರುವುಮುರುವು. ಗಾಳಿ ಈಗಷ್ಟೇ ದಿಕ್ಕು ಬದಲಿಸಿದ್ದರೆ ಈ ಉಪಾಯ ನಡೆಯದು, ಹಳೆಯ ತೆರೆಗಳು ಇನ್ನೂ ಉಳಿದಿರುತ್ತವೆ. ಬೇಸಿಗೆಯಲ್ಲಿ ಮುಂಗಡ ಕಾಯ್ದಿರಿಸಲೇಬೇಕಾದ ಲಾ ಪೆಲೋಸಾ, ಕಾಲಾ ಗೊಲೊರಿತ್ಸೆ ಕಡಲತೀರಗಳಿಗೂ ಇದು ಹೊಂದದು. ಮಕ್ಕಳಿದ್ದರೆ ಒಂದು ಎಚ್ಚರ: ನೆಲದಿಂದ ಕಡಲಿನತ್ತ ಬೀಸುವ ಗಾಳಿ ತೇಲುವ ಟ್ಯೂಬನ್ನು ಸದ್ದಿಲ್ಲದೆ ದೂರ ಒಯ್ಯುತ್ತದೆ.