ನನ್ನ ಖಳನಾಯಕಿಗೆ ಫ್ರೀಜಾ ಕಲಿಸಿದ ಮರ್ಯಾದೆ

ಮೊದಲ ಕರಡು ಓದಿ ಮುಗಿಸಿದ ತಂಗಿ ಹೇಳಿದ್ದು ಒಂದೇ ಮಾತು: "ಅಣ್ಣಾ, ಈ ಲಲಿತಮ್ಮನ್ನ ನೋಡಿದ್ರೆ ಪಾಪ ಅನ್ನಿಸುತ್ತೆ. ಭಯ ಆಗಲ್ಲ."

ಮೂರು ತಿಂಗಳು ನಿದ್ದೆಗೆಟ್ಟು ಬರೆದ 48 ಪುಟದ ಕಾಮಿಕ್ಸ್ ಅದು. ಹಗಲು ಜಾಹೀರಾತುಗಳಿಗೆ ಸ್ಟೋರಿಬೋರ್ಡ್ ಬರೆಯುವುದು ನನ್ನ ಹೊಟ್ಟೆಪಾಡು. ರಾತ್ರಿ ಹತ್ತರ ಮೇಲೆ ನನ್ನದೇ ಕತೆ. ತಿಪಟೂರಿನ ಕಡೆಯ ಒಂದು ಊರು. ತೆಂಗಿನ ತೋಟದ ಪತ್ರ ಅಡವಿಟ್ಟುಕೊಂಡು ಸಾಲ ಕೊಡುವ ಲಲಿತಮ್ಮ. ಅಪ್ಪನ ತೋಟ ಬಿಡಿಸಿಕೊಳ್ಳಲು ಬೆಂಗಳೂರಿನಿಂದ ವಾಪಸ್ ಬರುವ ರವಿ. ಲಲಿತಮ್ಮನಿಗೆ ನಾನು ಕೊಟ್ಟಿದ್ದ ಹಿನ್ನೆಲೆ ಕೇಳಿ: ಎಂಟನೇ ವಯಸ್ಸಿಗೆ ಅಪ್ಪ ಸತ್ತ, ಚಿಕ್ಕಪ್ಪ ಮನೆಯಿಂದ ಆಚೆ ಹಾಕಿದ, ಹಸಿದುಕೊಂಡು ಗುಡಿ ಜಗಲಿಯ ಮೇಲೆ ಮಲಗಿದಳು. ಆರು ಪುಟ ಬರೀ ಮಳೆ ಮತ್ತು ಕಣ್ಣೀರು. ಮಳೆ ಚೆನ್ನಾಗಿಯೇ ಬಂದಿತ್ತು, ಅದು ಬೇರೆ ಮಾತು.

ಅನಿಮೆ, ಅಂದರೆ ಜಪಾನಿ ಕಾರ್ಟೂನ್, ನೋಡಿ ಬೆಳೆದವರಿಗೆಲ್ಲ ಹತ್ತುವ ಗೀಳು ಇದು. ಒಳ್ಳೆಯ ಖಳ ಅಂದರೆ ದುಃಖದ ಫ್ಲ್ಯಾಶ್‌ಬ್ಯಾಕ್ ಇರುವ ಖಳ ಅಂತ ನಾವು ತಿಳಿದುಕೊಂಡುಬಿಟ್ಟಿದ್ದೇವೆ. ತಂಗಿಯ ಮಾತಿಗೆ ಒಂದು ವಾರ ಮುನಿಸಿಕೊಂಡು, ಆಮೇಲೆ ಕಪಾಟಿನಲ್ಲಿದ್ದ ಮಾಂಗಾಗಳನ್ನೆಲ್ಲ, ಅಂದರೆ ಜಪಾನಿ ಕಾಮಿಕ್ಸ್‌ಗಳನ್ನು, ನೆಲದ ಮೇಲೆ ಹರಡಿ ಕೂತೆ. ಮಾಂಗಾ ಬರೆಯುವವರು ಪುಟಕ್ಕೆ ಕೈ ಹಚ್ಚುವ ಮುಂಚೆ ಕಡ್ಡಿ ಗೊಂಬೆಗಳನ್ನಿಟ್ಟು ಇಡೀ ಕಂತಿನ ನಕ್ಷೆ ಹಾಕಿಕೊಳ್ಳುತ್ತಾರೆ. ಅದಕ್ಕೆ ಅವರು 'ನೇಮು' ಅನ್ನುತ್ತಾರೆ. ನಾನು ಉಲ್ಟಾ ಮಾಡಿದೆ. ಅಚ್ಚಾದ ಪುಟಗಳನ್ನು ನೋಡಿಕೊಂಡು ಅವುಗಳ ನೇಮು ಬಿಡಿಸಿದೆ. ಪ್ರತಿ ಖಳನ ಬಗ್ಗೆಯೂ ಒಂದೇ ಪ್ರಶ್ನೆ: ನನಗೆ ಮೊದಲು ಹೆದರಿಕೆಯಾದ ಪುಟ ಯಾವುದು? ಆ ಪುಟಕ್ಕೆ ಬರುವ ಹೊತ್ತಿಗೆ ಇವನ ಬಾಲ್ಯದ ಬಗ್ಗೆ ನನಗೆ ಗೊತ್ತಿದ್ದದ್ದೆಷ್ಟು?

ಹೆಚ್ಚುಕಡಿಮೆ ಎಲ್ಲ ಕಡೆಯೂ ಉತ್ತರ ಒಂದೇ: ಸೊನ್ನೆ.

ಗೊತೊಗೆ ಕೊಯೊಹಾರು ಅವರ 'ಕಿಮೆತ್ಸು ನೊ ಯಾಯ್ಬಾ'ವನ್ನೇ ನೋಡಿ. ಇಂಗ್ಲಿಷಿನಲ್ಲಿ 'ಡೆಮನ್ ಸ್ಲೇಯರ್' ಎಂದು ಎಲ್ಲರಿಗೂ ಗೊತ್ತಿರುವುದು. ರಕ್ಕಸರ ಕಣ್ಣೀರಿನ ಕತೆಗಳಿಗೆ ಅದಕ್ಕಿಂತ ಹೆಸರುವಾಸಿಯಾದದ್ದಿಲ್ಲ. ಆದರೆ ಜೇಡರ ಬೆಟ್ಟದ ರಕ್ಕಸ ರುಯಿಯ ನೆನಪುಗಳು ಬಿಚ್ಚಿಕೊಳ್ಳುವುದು ಯಾವಾಗ? ತಲೆ ಉರುಳಿದ ಮೇಲೆ. ಅದಕ್ಕೆ ಮುಂಚೆ ಅವನು ಬೇರೆ ರಕ್ಕಸರನ್ನು ಅಪ್ಪ, ಅಮ್ಮ, ಅಕ್ಕ ಎಂದು ವೇಷ ಹಾಕಿಸಿ, ಪಾತ್ರ ಸರಿಯಾಗಿ ಮಾಡದವರನ್ನು ಹಿಂಸಿಸುವುದನ್ನು ನಾವು ಕಂತುಗಟ್ಟಲೆ ನೋಡಿರುತ್ತೇವೆ. ಮೊದಲು ಹೆದರಿಸಿ, ಆಮೇಲೆ ಅಳಿಸುತ್ತಾರೆ. ನಾನು ಅಳಿಸಿಬಿಟ್ಟು ಹೆದರಿಸಲು ಹೋಗಿದ್ದೆ. ಆರು ಪುಟ ಹರಿದು ಹಾಕಿದೆ. ಮಳೆಯ ಒಂದು ಪುಟ ಮಾತ್ರ ಈಗಲೂ ಮೇಜಿನ ಖಾನೆಯಲ್ಲಿದೆ.

ಹಿನ್ನೆಲೆ ಕಿತ್ತು ಹಾಕಿದ್ದೇನೋ ಸರಿ, ಈಗ ಅಲ್ಲಿ ಉಳಿದದ್ದು ಹುಬ್ಬು ಗಂಟಿಕ್ಕಿ, ಹಲ್ಲು ಕಡಿದು, "ಏಯ್, ದುಡ್ಡು ತಂದ್ಯೇನೋ?" ಅನ್ನುವ ಹೆಂಗಸು. ಇಂಥವರನ್ನು ನಮ್ಮ ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿಯಾಗಿದೆ. ಆಗ ನೆನಪಾದವನು ಫ್ರೀಜಾ.

ಚಿಕ್ಕಂದಿನಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 'ಡ್ರ್ಯಾಗನ್ ಬಾಲ್ ಜಡ್' ನೋಡುವಾಗ ಅದರ ಖಳ ಫ್ರೀಜಾ ನನಗೆ ಬರೀ ಒಬ್ಬ ಬಲಶಾಲಿ. ದೊಡ್ಡವನಾದ ಮೇಲೆ ಜಪಾನಿ ಧ್ವನಿಯಲ್ಲಿ ನೋಡಿದಾಗಲೇ ಗೊತ್ತಾದದ್ದು, ಇವನು ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಾನೆ ಎಂದು. ತನ್ನ ಕೈಕೆಳಗಿನವರನ್ನು 'ಜಾರ್ಬನ್ ಸಾನ್', 'ದೊದೊರಿಯಾ ಸಾನ್' ಅನ್ನುತ್ತಾನೆ. ನಮ್ಮಲ್ಲಿ ಸಾಹುಕಾರ ತನ್ನ ಆಳನ್ನು 'ಜವರಯ್ಯನವರೇ' ಅಂದ ಹಾಗೆ. ನಾಮೆಕ್ ಗ್ರಹದ ಯೋಧ ನೇಯ್ಲ್ ಎದುರು ನಿಂತಾಗ, ಆ ಕತೆಯ ಅಳತೆಯಲ್ಲಿ ತನ್ನ ಬಲ 5,30,000 ಎಂದು ಹೇಳಿ, ಅಷ್ಟನ್ನೂ ನಿಮ್ಮ ಮೇಲೆ ಬಳಸುವುದಿಲ್ಲ, ಗಾಬರಿ ಬೇಡ ಎಂದು ಸಮಾಧಾನವನ್ನೂ ಮಾಡುತ್ತಾನೆ. ಕೋಪ ನೆತ್ತಿಗೇರಿದಾಗ ಆ ಮರ್ಯಾದೆ ಕಳಚಿ ಬೀಳುತ್ತದೆ. ಬಿದ್ದಾಗ ಅವನು ಅಷ್ಟು ಭಯಂಕರ ಅನ್ನಿಸುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರು ಬರಬಹುದು.

ಜಪಾನಿನಲ್ಲಿ ಭೂಮಿಯ ಬೆಲೆ ಗಾಳಿಪಟವಾಗಿದ್ದ 1980ರ ದಶಕದ ಕೊನೆಯಲ್ಲಿ, ಜನರನ್ನು ಒಕ್ಕಲೆಬ್ಬಿಸಿ ಜಾಗ ಮಾರುತ್ತಿದ್ದ ದಲ್ಲಾಳಿಗಳನ್ನು ಕಂಡು ಫ್ರೀಜಾನನ್ನು ಕಟ್ಟಿದ್ದಾಗಿ ಆ ಕತೆ ಬರೆದ ತೊರಿಯಾಮಾ ಅಕಿರಾ ಹೇಳಿಕೊಂಡಿದ್ದರು. ಫ್ರೀಜಾನ ಕಸುಬೂ ಅದೇ: ಗ್ರಹ ಖಾಲಿ ಮಾಡಿಸು, ಗಿರಾಕಿಗೆ ಮಾರು. ದಲ್ಲಾಳಿ ಯಾವತ್ತಾದರೂ ಏಕವಚನದಲ್ಲಿ ಮಾತಾಡಿದ್ದುಂಟೇ? ಇದನ್ನು ಓದಿದ ರಾತ್ರಿಯೇ ಲಲಿತಮ್ಮನ ಮಾತುಗಳನ್ನೆಲ್ಲ ತಿದ್ದಲು ಕೂತೆ.

ಕನ್ನಡದಲ್ಲಿ ಬರೆಯುವವರಿಗೆ ಇಂಗ್ಲಿಷಿನವರಿಗಿಲ್ಲದ ಒಂದು ಸೌಲಭ್ಯವಿದೆ, 'ನೀವು'. ನಮ್ಮ ಕಡೆ ಐವತ್ತೈದರ ಹೆಂಗಸು ಇಪ್ಪತ್ತರ ಹುಡುಗನನ್ನು 'ನೀನು' ಅನ್ನಬೇಕು, 'ಕಣೋ' ಅನ್ನಬೇಕು. ಅದೇ ಸಹಜ, ಅದರಲ್ಲೇ ಸಲುಗೆ ಇರುವುದು. ಹೊಸ ಕರಡಿನಲ್ಲಿ ಲಲಿತಮ್ಮ ರವಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡು ಹೇಳುವುದು ಇಷ್ಟೇ: "ನೀವು ರವಿ ಅವರಲ್ವಾ? ಎಷ್ಟು ದೊಡ್ಡೋರಾಗಿಬಿಟ್ರಿ. ನಿಮ್ಮ ತೋಟದ ಪತ್ರ ನನ್ನ ಹತ್ರ ಭದ್ರವಾಗಿದೆ, ಯೋಚನೆ ಮಾಡ್ಬೇಡಿ." ಹುಬ್ಬಿನ ಗಂಟು ಬಿಡಿಸಿದೆ. ಕಣ್ಣಿನ ಪಾಪೆಯಲ್ಲಿ ಬಿಡುವ ಆ ಸಣ್ಣ ಬಿಳಿ ಚುಕ್ಕೆ ಇರುತ್ತದಲ್ಲ, ಕಣ್ಣಿಗೆ ಜೀವ ಕೊಡುವುದು, ಅದನ್ನು ಅಳಿಸಿ ಪೂರ್ತಿ ಕಪ್ಪು ತುಂಬಿದೆ. ಮಾಂಗಾದವರ ಹಳೆಯ ಉಪಾಯ ಇದು. ನಗುವ ತುಟಿ, ಬೆಳಕಿಲ್ಲದ ಕಣ್ಣು.

ತಂಗಿಗೆ ತೋರಿಸಿದೆ. "ಈಗ ಸ್ವಲ್ಪ ಕಸಿವಿಸಿ ಆಗ್ತಿದೆ," ಅಂದಳು. "ಆದ್ರೆ ಇವಳು ಯಾರು ಅಂತ ಇನ್ನೂ ಗೊತ್ತಾಗ್ಲಿಲ್ಲ."

ಅದಕ್ಕೆ ಉತ್ತರ ಸಿಕ್ಕಿದ್ದು ತೊಗಾಶಿ ಯೊಶಿಹಿರೊ ಅವರ 'ಹಂಟರ್ ಹಂಟರ್'ನಲ್ಲಿ. 1998ರಲ್ಲಿ ಶುರುವಾದ ಸರಣಿ. ಅದರಲ್ಲಿ ಬರುವ, ಮನುಷ್ಯರಂತೆ ಮಾತಾಡುವ ಕೈಮೆರಾ ಇರುವೆಗಳ ಪರ್ವ ಓದದವರು ಮುಂದಿನ ಎರಡು ಪ್ಯಾರಾ ಹಾರಿಕೊಂಡು ಹೋಗುವುದು ಒಳ್ಳೆಯದು.

ಇರುವೆಗಳ ರಾಜ ಹುಟ್ಟುವುದೇ ತಾಯಿಯ ಹೊಟ್ಟೆ ಸೀಳಿಕೊಂಡು. ಮನುಷ್ಯರು ಅವನಿಗೆ ಆಹಾರ. ಅರಮನೆ ಹಿಡಿದ ಮೇಲೆ ಬೇಜಾರು ಕಳೆಯಲು ಆಟಗಳಲ್ಲಿ ಗೆದ್ದ ಮಹಾಮಹಿಮರನ್ನು ಕರೆಸಿ, ಪುಸ್ತಕ ನೋಡಿ ಆಟ ಕಲಿತು, ಸೋಲಿಸಿ ಕೊಲ್ಲುತ್ತಾನೆ. ಕೊನೆಗೆ ಬರುವವಳು ಕೊಮುಗಿ. ಕಣ್ಣಿಲ್ಲದ, ಮೂಗು ಸೋರುವ ಬಡ ಹುಡುಗಿ, ಗುಂಗಿ ಎಂಬ ಹಾಸಿನ ಆಟದ ಚಾಂಪಿಯನ್. ಅವಳ ಎದುರು ಎಷ್ಟು ಆಡಿದರೂ ರಾಜನಿಗೆ ಗೆಲುವಿಲ್ಲ. ಅವಳ ಧೈರ್ಯ ಕದಡಲು ಅವನು ಪಣ ಒಡ್ಡುತ್ತಾನೆ: ನೀನು ಗೆದ್ದರೆ ಕೇಳಿದ್ದು ಕೊಡುತ್ತೇನೆ, ಸೋತರೆ ನಿನ್ನ ಎಡಗೈ ನನ್ನದು. ಅವಳು ತಡವರಿಸುತ್ತ, ಕೈಯ ಬದಲು ಜೀವವನ್ನೇ ಇಡಬಹುದೇ ಎಂದು ಕೇಳುತ್ತಾಳೆ. ಗುಂಗಿಯಲ್ಲಿ ಸೋತ ದಿನ ಸಾಯುವುದೆಂದು ಅವಳು ಎಂದೋ ನಿಶ್ಚಯಿಸಿದ್ದಾಳೆ, ಆದ್ದರಿಂದ ಬೇರೆ ಪಣ ಅವಳಿಗೆ ಗೊತ್ತೇ ಇಲ್ಲ.

ಮುಂದಿನ ಪುಟಗಳನ್ನು ನಾನು ಹತ್ತು ಸಲವಾದರೂ ನೇಮು ಬಿಡಿಸಿರಬೇಕು. ರಾಜ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಆಮೇಲೆ ತನ್ನ ಎಡಗೈಯನ್ನು ತಾನೇ ಕಿತ್ತು ಹಾಕುತ್ತಾನೆ. ಜೀವ ಪಣಕ್ಕಿಟ್ಟವಳ ಮುಂದೆ ಬರೀ ಒಂದು ಕೈ ಕೇಳಿದ ತನ್ನ ಸಣ್ಣತನಕ್ಕೆ ದಂಡ ಅದು. ಅಂಗರಕ್ಷಕರು ಎದೆಯೊಡೆದುಕೊಳ್ಳುತ್ತಾರೆ. ಕೊಮುಗಿ ಆಟ ಮುಂದುವರಿಸಲು ಒಪ್ಪುವುದಿಲ್ಲ, ಮೊದಲು ಗಾಯಕ್ಕೆ ಔಷಧಿ ಆಗಲಿ ಅನ್ನುತ್ತಾಳೆ. ರಾಜನೂ ಅವಳ ಮಾತು ಕೇಳುತ್ತಾನೆ. ಈ ಗಳಿಗೆಯಲ್ಲಿ ಅವನು ಒಳ್ಳೆಯವನೇನೂ ಆಗಿಲ್ಲ. ಅರಮನೆಯ ಹೊರಗೆ ಜನರನ್ನು ತಿನ್ನುವ ಲೆಕ್ಕಾಚಾರ ನಡೆಯುತ್ತಲೇ ಇದೆ. ಆದರೆ ಅವನ ಒಳಗೆ ಒಂದು ಕಟ್ಟಳೆ ಇದೆ, ಅದು ಬೇರೆಯವರಿಗೆ ಹೇಗೋ ಅವನಿಗೂ ಹಾಗೆಯೇ ಅನ್ವಯಿಸುತ್ತದೆ. ಅಂಥವನಿಂದ ಕಣ್ಣು ಕೀಳಲಾಗುವುದಿಲ್ಲ.

ಇಲ್ಲಿ ದುರ್ಯೋಧನನ ಛಲವನ್ನು ಎಳೆದು ತರಲು ಕೈ ತುರಿಸುತ್ತಿದೆ. ಬೇಡ. ಎಲ್ಲದಕ್ಕೂ ಅವನನ್ನು ಎಬ್ಬಿಸಿ ಎಬ್ಬಿಸಿ ಪಾಪ ವೈಶಂಪಾಯನ ಸರೋವರದಲ್ಲೂ ನೆಮ್ಮದಿಯಿಲ್ಲ.

ಅಲ್ಲಿಂದ ಮುಂದೆ ಉಳಿದ ಖಳರ ಬಳಿಯೂ ಅವರವರ ಕಟ್ಟಳೆಯನ್ನೇ ಹುಡುಕಿದೆ. ಅರಾಕಿ ಹಿರೊಹಿಕೊ ಅವರ 'ಜೋಜೋ' ನಾಲ್ಕನೇ ಭಾಗದ ಕಿರಾ ಯೊಶಿಕಾಗೆ ಎಂಬವನು ಸರಣಿ ಕೊಲೆಗಾರ, ವಯಸ್ಸು 33. ಮಲಗುವ ಮುಂಚೆ ಬಿಸಿ ಹಾಲು, 20 ನಿಮಿಷ ಮೈ ಸಡಿಲಿಸುವ ಕಸರತ್ತು, ಹನ್ನೊಂದರೊಳಗೆ ಹಾಸಿಗೆ. ಅವನಿಗೆ ಬೇಕಿರುವುದು ಯಾರ ಕಣ್ಣಿಗೂ ಬೀಳದ ಶಾಂತ ಬದುಕು. ಅದಕ್ಕಾಗಿ ಸ್ಪರ್ಧೆಗಳಲ್ಲಿ ಬೇಕೆಂದೇ ಮೂರನೇ ಬಹುಮಾನ ತೆಗೆದುಕೊಂಡವನು. ಆ ಮೂರನೇ ಬಹುಮಾನದ ಮುಂದೆ ನನ್ನ ಆರು ಪುಟದ ಮಳೆ ಏನೂ ಅಲ್ಲ. ಇನ್ನು 'ನಾರುತೊ' ಮುಗಿಯುವ ಹೊತ್ತಿಗೆ ದಿಢೀರನೆ ಇಳಿದು ಬರುವ ಕಾಗುಯಾ. ಅವಳು ಎಲ್ಲರಿಗಿಂತ ಬಲಶಾಲಿ, ಸರಿ. ಆದರೆ ಅವಳು ಏನು ಮಾಡುವುದಿಲ್ಲ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಅಷ್ಟು ವರ್ಷ ಕಾದಿದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆಯುರಿ.

ಹಾಗಾದರೆ ಲಲಿತಮ್ಮ ಏನು ಮಾಡುವುದಿಲ್ಲ? ಈ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ದೀಪದ ಬುಡಕ್ಕೆ ಅಂಟಿಸಿಕೊಂಡು ನಾಲ್ಕೈದು ರಾತ್ರಿ ಕೂತೆ. ಸುಳ್ಳು ಲೆಕ್ಕ ಬರೆಯುವುದಿಲ್ಲ, ಇದು ಸಪ್ಪೆ. ದೇವರ ಮುಂದೆ ಆಣೆ ಇಡುವುದಿಲ್ಲ, ಇದೂ ಅಷ್ಟೇ. ಕೊನೆಗೆ ಬಂದದ್ದು: ಬಾಕಿ ಇರುವ ಮನೆಯಲ್ಲಿ ಅವಳು ನೀರೂ ಕುಡಿಯುವುದಿಲ್ಲ. ಹೊಸ್ತಿಲು ದಾಟುವುದಿಲ್ಲ. ಅಂಗಳದಲ್ಲೇ ನಿಂತು, ಕುಶಲ ವಿಚಾರಿಸಿ, ತಾರೀಖು ನೆನಪಿಸಿ ಹೋಗುತ್ತಾಳೆ.

ಕಟ್ಟಳೆ ಇದೆ ಅಂದಮೇಲೆ ಅದು ಅವಳ ಕೈಯನ್ನೂ ಕೀಳಬೇಕು. ಆದ್ದರಿಂದ ಅವಳಿಗೆ ಒಬ್ಬ ತಂಗಿಯನ್ನು ಕೊಟ್ಟೆ. ತಂಗಿಯ ಮನೆಯದೂ ಸಾಲ ಬಾಕಿ. ಆ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಲಲಿತಮ್ಮ ಬೆಳ್ಳಿಯ ಉಡಿದಾರ ತಂದು, ಮೇ ತಿಂಗಳ ಬಿಸಿಲಲ್ಲಿ ಚಪ್ಪರದ ಆಚೆ ನಿಂತಿದ್ದಾಳೆ. ಒಳಗೆ ಎಲೆ ಹಾಕಿದ್ದಾರೆ. "ಒಳಗೆ ಬಾರೇ ಅಕ್ಕ, ಮಗು ನೋಡು," ಅಂತ ತಂಗಿ ಅಳುತ್ತಾಳೆ. "ಇಲ್ಲಿಗೇ ಎತ್ಕೊಂಡು ಬನ್ನಿ, ನೋಡ್ತೀನಿ," ಅನ್ನುತ್ತಾಳೆ ಲಲಿತಮ್ಮ. ಒಡಹುಟ್ಟಿದವಳಿಗೂ ಬಹುವಚನ. ನಾಲ್ಕು ಪುಟ, ಮಾತು ಇಷ್ಟೇ. ಮಿಕ್ಕದ್ದೆಲ್ಲ ಅವಳ ಪಾದ, ಕಾದ ನೆಲ, ಚಪ್ಪರದ ನೆರಳಿನ ಅಂಚು. ನೆರಳಿಗೂ ಅವಳ ಹೆಬ್ಬೆರಳಿಗೂ ನಡುವೆ ಎರಡು ಬೆರಳು ಜಾಗ. ಆ ಜಾಗವನ್ನು ಅಳೆದು ಅಳೆದು ಬರೆದೆ.

ಪುಟ ತಿರುವುವ ಲೆಕ್ಕವನ್ನು ಕಲಿತದ್ದು ಉರಸಾವಾ ನಾಓಕಿ ಅವರ 'ಮಾನ್‌ಸ್ಟರ್'ನಿಂದ. 1994ರಿಂದ 2001ರವರೆಗೆ ಬಂದದ್ದು, 18 ಸಂಪುಟ. 1986ರ ಡ್ಯುಸೆಲ್ಡಾರ್ಫ್‌ನಲ್ಲಿ ಜಪಾನಿ ಡಾಕ್ಟರ್ ತೆನ್ಮಾ, ಮೇಯರ್‌ಗೆ ಆಪರೇಷನ್ ಮಾಡು ಎಂಬ ಆದೇಶ ಮೀರಿ, ಮೊದಲು ಬಂದ ಗುಂಡೇಟಿನ ಹುಡುಗನನ್ನು ಬದುಕಿಸುತ್ತಾನೆ. ಆ ಹುಡುಗನೇ ಯೋಹಾನ್. ಒಂಬತ್ತು ವರ್ಷದ ಮೇಲೆ, ಕಟ್ಟುತ್ತಿರುವ ಕಟ್ಟಡವೊಂದರಲ್ಲಿ, ಸುರಿಯುವ ಮಳೆಯಲ್ಲಿ, ತೆನ್ಮಾನ ಕಣ್ಣೆದುರೇ ಒಬ್ಬನನ್ನು ಕೊಂದು ಅವನು ತನ್ನ ಗುರುತು ಹೇಳಿಕೊಳ್ಳುತ್ತಾನೆ. ನೋಡಲು ಸುಂದರ, ದನಿ ಮೆದು. ಆಮೇಲೆ ಸಂಪುಟಗಟ್ಟಲೆ ಅವನು ಕಾಣುವುದೇ ಅಪರೂಪ, ಅವನನ್ನು ಕಂಡವರ ಮುಖಗಳೇ ಕಾಣುತ್ತವೆ. ಜೀವಗಳೆಲ್ಲ ಸಮ ಎಂಬ ತೆನ್ಮಾನ ಕಟ್ಟಳೆಗೆ, ಸಾವಿನಲ್ಲಿ ಮಾತ್ರ ಎಲ್ಲರೂ ಸಮ ಎಂಬ ಯೋಹಾನನ ಕಟ್ಟಳೆ ಎದುರು ನಿಂತಿದೆ. ನಾಯಕ ತಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸಕ್ಕೇ ಈಗ ಉತ್ತರ ಕೊಡಬೇಕು.

ಮಾಂಗಾ ಓದುವುದು ಬಲದಿಂದ ಎಡಕ್ಕೆ. ಎಡಪುಟದ ಕೊನೆಯ ಪ್ಯಾನೆಲಿನಲ್ಲಿ ಬೆಚ್ಚಿದ ಮುಖ, ತಿರುವಿದರೆ ಬೆಚ್ಚಿಸಿದವನು. ಕನ್ನಡದಲ್ಲಿ ಅದು ಬಲಪುಟದ ಕೆಳಗಿನ ಮೂಲೆಗೆ ಬರುತ್ತದೆ. ಇದನ್ನು ಮರೆತು ಲಲಿತಮ್ಮನ ಮೊದಲ ಪ್ರವೇಶವನ್ನು ಎದುರುಬದುರು ಪುಟಗಳಲ್ಲಿ ಇಟ್ಟಿದ್ದೆ. ಪುಸ್ತಕ ಬಿಚ್ಚಿದ ಕೂಡಲೇ ಅವಳು ಕಂಡುಬಿಡುತ್ತಿದ್ದಳು. ಒಂದು ಪುಟ ತೋಟದ ಚಿತ್ರ ತುರುಕಿ ಅವಳನ್ನು ಆಚೆಗೆ ದೂಡಿದೆ. ಮೊಬೈಲಿನಲ್ಲಿ ಬೆರಳಿಂದ ಜಾರಿಸಿ ಓದುವವರಿಗೆ ಈ ಲೆಕ್ಕವೇ ಇಲ್ಲ. ಅವರಿಗಾಗಿ ಬೇರೆ ಆವೃತ್ತಿಯಲ್ಲಿ ಖಾಲಿ ಜಾಗ ಬಿಟ್ಟೆ, ಆದರೂ ಅಷ್ಟು ಕೂರಲಿಲ್ಲ.

ಕೊನೆಯ ಪುಟ ತಾನಾಗಿ ಬಂತು. ರವಿಯ ಅಪ್ಪ ಆ ಸಾಲದ ಕೊರಗಿನಲ್ಲೇ ತೀರಿಕೊಂಡಿದ್ದಾನೆ. ತೋಟದ ಅರ್ಧ ಮಾರಿ ರವಿ ಬಾಕಿ ಚುಕ್ತಾ ಮಾಡುತ್ತಾನೆ. ಲಲಿತಮ್ಮ ಪತ್ರ ಕೊಡುತ್ತಾಳೆ, ಪುಸ್ತಕದಲ್ಲಿ ಗೀಟು ಎಳೆಯುತ್ತಾಳೆ. ಆಮೇಲೆ ಚಪ್ಪಲಿ ಬಿಟ್ಟು, ಮೊದಲ ಸಲ ಆ ಮನೆಯ ಹೊಸ್ತಿಲು ದಾಟಿ, ಸತ್ತವನ ಫೋಟೋದ ಕೆಳಗೆ ನೆಮ್ಮದಿಯಾಗಿ ಕೂತು ಹೇಳುತ್ತಾಳೆ: "ಎಂಥಾ ಬಿಸಿಲು. ಸ್ವಲ್ಪ ನೀರು ಕೊಡ್ತೀರಾ? ಬೆಲ್ಲ ಇದ್ರೆ ಒಂದು ಚೂರು."

ತಂಗಿ ಅದನ್ನು ಓದಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೆಲ್ಲ ಯಾರು ಕೊಟ್ರು ಅಂತ ನೀನು ಬರೆದೇ ಇಲ್ವಲ್ಲ," ಅಂದಳು.

ಬರೆದಿರಲಿಲ್ಲ. ರಾತ್ರಿ ಕೂತು ಇನ್ನೊಂದು ಪ್ಯಾನೆಲ್ ಸೇರಿಸಿದೆ: ಬಳೆಯಿಲ್ಲದ ಕೈ, ತಟ್ಟೆಯಲ್ಲಿ ಲೋಟ, ಪಕ್ಕದಲ್ಲಿ ಒಂದು ಚೂರು ಬೆಲ್ಲ.